ಅವ್ವ ಕುರ್ಚಿಯಲ್ಲಿ ಕುಳಿತದ್ದು

ಅಕ್ಕಾ,

ನಿನ್ನ ಮಗ ಲೋಹಿತ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಅವನ ಹೆಸರೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀ. ಆದ್ದರಿಂದ ಇದನ್ನು ಕಳಿಸುವುದಿಲ್ಲ. ಆದರೂ ಹೇಳಬೇಕೆಂದರೆ ನೀನೇ ನೆನಪಾಗುತ್ತೀ.

ಇವತ್ತು ಸವಣೂರಿನ ನಮ್ಮ ಶಾಲೆಯ ಅಂಗಳದಲ್ಲಿ ನಾನು ತಲೆ ಬೋಳಿಸಿಕೊಂಡೆ. ಹಾಗೆ ಮಾಡಿದರೆ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡುತ್ತೇವೆಂದು ಊರವರು ಒಪ್ಪಿದ್ದರು. ಹೆಣ್ಣುಮಗಳು ತಲೆ ಬೋಳಿಸಿಕೊಳ್ಳುವುದೇ ಎಂದು ಅವ್ವ ಸಿಟ್ಟಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ನಾನು ಎದ್ದ ಕೂಡಲೇ ಅದೇ ಕುರ್ಚಿಯಲ್ಲಿ ಬಂದು ಕುಳಿತು, ಸೆರಗು ಸರಿಸಿ ತುರುಬು ಬಿಚ್ಚಿದಳು.

ಕ್ಷೌರಿಕ ಕತ್ತರಿ ಹಿಡಿದು ನಿಂತುಬಿಟ್ಟ. "ಖರೇನ ಬೋಳಸ್ಲೇನ್ರಿ, ಅಜ್ಜಿ?"

"ನನ್ನ ಮೊಮ್ಮಗನ ಕೂದಲ ಉದುರೂ ಮುಂದ ಅವನ್ನ ಯಾರರ ಕೇಳಿದ್ರೇನು? ಬೋಳಸಪಾ."

ಮನೆಗೆ ಬರುವಾಗ ಅವ್ವ ತಲೆಯ ಮೇಲೆ ಸೆರಗು ಹೊದೆಯಲಿಲ್ಲ. ಖಾರದ ಅಂಗಡಿಯವನು, "ತಿರುಪತಿಗೆ ಹೋಗಿದ್ರೇನ್ರಿ?" ಎಂದ.

"ಇಲ್ಲಪಾ. ಸಣ್ಣ ಹುಡುಗರ ಕ್ಯಾನ್ಸರಿಗೆ ಔಷಧ ಹುಡುಕಾಕತ್ತಾರ, ಅದರ ಸಲುವಾಗಿ ಬೋಳಿಸಿಕೊಂಡೇನಿ. ನೀನೂ ಏನರ ಕೊಡು," ಎಂದು ಕೈ ಚಾಚಿದಳು. ಅವನು ಕೊಟ್ಟ.

ಈಗ ಓಣಿಯವರೆಲ್ಲ ನೋಡಲಿ ಎಂಬಂತೆ ಬಾಗಿಲಲ್ಲೇ ಕುಳಿತಿದ್ದಾಳೆ. "ನಿಮ್ಮಕ್ಕ ಇವತ್ತ ಇಲ್ಲಿ ಇದ್ದಿದ್ರ..." ಎಂದು ಶುರು ಮಾಡಿದವಳು, ಬೋಳು ತಲೆ ಸವರಿಕೊಂಡು, ಚಹಾ ಕೇಳಿದಳು.