ಹೆಲ್ಮೆಟ್ಟಿನಿಂದ ಎತ್ತಿದ ಕೀ

ತೈನಾನ್, ಹುಡುಗಿಯರ ಹಾಸ್ಟೆಲ್
ಅಕ್ಟೋಬರ್ 17

ಪ್ರೀತಿಯ ಅಪ್ಪ,

ಫೋನಿನಲ್ಲಾದರೆ ನೀನು ನಡುವೆ ಮಾತಾಡುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಫಸ್ಟ್ ಇಯರ್ ಟ್ರಿಪ್ ಇತ್ತು, ಸೀನಿಯರ್‌ಗಳೂ ಬಂದಿದ್ದರು. ಇಲ್ಲಿನ ಪದ್ಧತಿ ಹೀಗೆ: ಹುಡುಗರ ಬೈಕ್ ಕೀಗಳೆಲ್ಲ ಒಂದು ಹೆಲ್ಮೆಟ್ಟಿನಲ್ಲಿ, ಹುಡುಗಿಯರು ಕಣ್ಣು ಮುಚ್ಚಿ ಎತ್ತಬೇಕು, ಯಾರ ಕೀ ಬಂತೋ ಅವರ ಹಿಂದೆ ಕೂರಬೇಕು. ನನಗೆ ಸೀನಿಯರ್ ಪೋ-ಹಾನ್‌ನ ಕೀ ಬಂತು. ಸೀನಿಯರ್ ಆದ್ದರಿಂದ ಬೇಡ ಅನ್ನದೆ ಹತ್ತಿ ಕೂತೆ.

ಗ್ವಾನ್‌ಜಲಿಂಗ್ ಘಟ್ಟದಲ್ಲಿ ಫೋಟೋಗೆಂದು ನಿಲ್ಲಿಸಿ ನನ್ನನ್ನು ಬೇಲಿಯ ಹತ್ತಿರ ಕಳಿಸಿದ. ತಿರುಗಿ ಬಂದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಉಳಿದವರೆಲ್ಲ ಮುಂದೆ ಹೋಗಿದ್ದರು. ಸಿಗ್ನಲ್ ಇಲ್ಲ.

"ಕತ್ತಲಾಗ್ತಿದೆ ಕಣೇ, ಇಲ್ಲೇ ಬಿಸಿನೀರಿನ ಬುಗ್ಗೆ ಹತ್ರ ರೂಮ್ ಸಿಗತ್ತೆ. ಯಾಕೆ ಹೆದರ್ತೀಯ, ನಾನೇನು ಹುಲಿನಾ?" ಅಂದ.

ಗಾಡಿ ನಿಂತರೆ ಬೈಯಬೇಡ, ಮೊದಲು ಪ್ಲಗ್ ಮೂಸಿ ನೋಡು ಅನ್ನುತ್ತೀಯಲ್ಲ, ಅದೇ ಮಾಡಿದೆ. ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಸರಿಯಾಗೇ ಇತ್ತು. ಸೀಟಿನಡಿಯ ಪಾನಾದಿಂದ ಪ್ಲಗ್ ಬಿಚ್ಚಿದೆ. ಒದ್ದೆಯಾಗಿತ್ತು, ಅಂದರೆ ಪೆಟ್ರೋಲ್ ಬರುತ್ತಿತ್ತು. ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದೆ, ಕಿಡಿಯಿಲ್ಲ. ದಪ್ಪ ವೈರ್ ಹಿಡಿದು ಟ್ಯಾಂಕಿನಡಿ ಕಿಡಿ ಹುಟ್ಟಿಸುವ ಕಾಯಿಲ್‌ವರೆಗೆ ಹೋದೆ. ಅದಕ್ಕೆ ಕರೆಂಟ್ ತರುವ ಸಣ್ಣ ವೈರ್ ಕಳಚಿ ನೇತಾಡುತ್ತಿತ್ತು. ಸುತ್ತಲೂ ಕೆಸರು ಮೆತ್ತಿತ್ತು, ಆ ಪಿನ್ ಮಾತ್ರ ಹೊಳೆಯುತ್ತಿತ್ತು. ತಾನಾಗಿ ಕಳಚಿದ್ದಲ್ಲ, ಈಗಷ್ಟೇ ಯಾರೋ ಕಿತ್ತದ್ದು. ಅಲ್ಲಿದ್ದದ್ದು ನಾವಿಬ್ಬರೇ.

ವೈರ್ ಸಿಕ್ಕಿಸಿ, ಪ್ಲಗ್ ಒರೆಸಿ ಕೂರಿಸಿದೆ, ಸ್ಟಾರ್ಟ್ ಆಯಿತು. ವೈರ್ ಲೂಸಾಗಿತ್ತು ಸೀನಿಯರ್ ಅಂದೆ. ಹೌದು, ಅವನಿಗೆ ಮುಖಭಂಗವಾಗದಂತೆ ನಾನೇ ಸುಳ್ಳು ಹೇಳಿದೆ.

"ಏನೇ ಇದು, ಗ್ಯಾರೇಜ್‌ನವನ ಮಗಳಾ ನೀನು?" ಅಂತ ನಕ್ಕ.

ಇಲ್ಲ, ವಿಡಿಯೋದಲ್ಲಿ ನೋಡಿದ್ದೆ ಎಂದುಬಿಟ್ಟೆ. ಅಪ್ಪ, ಇಲ್ಲಿ ಎಲ್ಲರಿಗೂ ನೀನು ಇಂಜಿನಿಯರ್ ಅಂತ ಹೇಳಿದ್ದೇನೆ. ಸಾರಿ.

ಬೇರೆ ಗಾಡಿ ಇರಲಿಲ್ಲ. ಹಿಂದಿನ ಕಂಬಿ ಹಿಡಿದು ಅವನ ಹಿಂದೆಯೇ ಇಳಿದು ಬಂದೆ. ತಿರುವಿನಲ್ಲಿ ಗಾಡಿ ನಿಧಾನವಾದಾಗಲೆಲ್ಲ ಹಾರಿ ಇಳಿಯಲು ಸಿದ್ಧಳಾಗುತ್ತಿದ್ದೆ. ಈಗಲೂ ಹೆದರಿಕೆಯೇ. ಲ್ಯಾಬಿನಲ್ಲಿ ನನ್ನ ಹಾಜರಿ ಹಾಕುವವನು ಅವನೇ. ಯಾರಿಗಾದರೂ ಹೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತಾರೆ. ಆಮೇಲೆ ನಿನ್ನ ಬೈಕ್ ರಿಪೇರಿ ಅಂಗಡಿ, ನನ್ನ ಸುಳ್ಳು, ಎಲ್ಲಾ ಹೊರಗೆ ಬರುತ್ತದೆ.

ನಿನ್ನ ಮಗಳು,
ಶಿನ್-ರೂ

ಇಷ್ಟು ಬರೆದು ಮಡಚಿದ್ದೆ, ಮತ್ತೆ ಬಿಚ್ಚಿದೆ. ಮುಂದಿನ ಟ್ರಿಪ್‌ಗೆ ಇವತ್ತು ಕೀ ಎತ್ತಿದರು. ಅವನ ಕೀ ನನ್ನ ರೂಮ್‌ಮೇಟ್ ಯೀ-ಜೆನ್‌ಗೆ ಬಂದಿದೆ. ಕನ್ನಡಿಯ ಮುಂದೆ ಯಾವ ಅಂಗಿ ಚೆಂದ ಅಂತ ಕೇಳುತ್ತಿದ್ದಾಳೆ. ಪತ್ರ ನಿನಗೆ ಒಂದು ದಿನ ತಡವಾಗಬಹುದು. ಮೊದಲು ಅವಳಿಗೆ ಓದಲು ಕೊಡುತ್ತಿದ್ದೇನೆ.