ನನ್ನ ಗಂಡ ಬಿಯರ್ ಮಾಡುತ್ತಿದ್ದರು

ಕನ್ನಡ ಬಳಗದ ಮಾನ್ಯ ಅಧ್ಯಕ್ಷರೇ,

ಬರುವ ಭಾನುವಾರ ಟೋಟೆಮ್ ಲೇಕ್‌ನ ಸಭಾಂಗಣದಲ್ಲಿ, ತೀರಿಕೊಂಡ ನನ್ನ ಪತಿ ಅಶ್ವತ್ಥ ಅವರಿಗೆ ನೀವು ಸಲ್ಲಿಸಲಿರುವ ಬಿನ್ನವತ್ತಳೆಯ ಕರಡು ಕೈಸೇರಿತು. ಅದರಲ್ಲಿ ಅವರು ‘ಯಾವ ದುಶ್ಚಟವೂ ಇಲ್ಲದ, ಹೊರನಾಡಿನಲ್ಲೂ ಸಂಸ್ಕಾರ ಬಿಡದ ಸಾತ್ವಿಕ ಜೀವಿ’ ಎಂದಿದೆ. ಅವರು ಮನೆಯಲ್ಲಿ ಬಿಯರ್ ಮಾಡುತ್ತಿದ್ದರು. ಅದು ಎಲ್ಲೂ ಇಲ್ಲ. ನನ್ನ ದೂರು ಇದೇ.

ದುಶ್ಚಟ ಇರಲಿಲ್ಲ ಎಂಬುದು ನಿಜ. ಬಿಯರ್ ಅವರಿಗೆ ಚಟವಾಗಿರಲಿಲ್ಲ, ಕೆಲಸವಾಗಿತ್ತು. ಮೊಳಕೆ ಕಟ್ಟಿ ಒಣಗಿಸಿದ ಗೋಧಿ, ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕಾಳಿನ ಸಿಹಿ ಇಳಿದ ನೀರನ್ನು ಸೋಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ ಗ್ಯಾರೇಜಿನಲ್ಲಿ ಕುದಿಸುತ್ತಿದ್ದರು. ಕೊನೆಗೆ ಜಜ್ಜಿದ ಕೊತ್ತಂಬರಿ ಬೀಜ, ಶುಂಠಿ, ಕಿತ್ತಳೆ ಸಿಪ್ಪೆ. ಒಲೆ ಆರಿಸಿದ ಮೇಲೆ ಒಂದಿಷ್ಟು ತುಳಸಿ ಎಲೆ. ಕೀಳುವ ಮುನ್ನ ಗಿಡಕ್ಕೆ ಕೈ ಮುಗಿಯುತ್ತಿದ್ದರು. ಸಂಸ್ಕಾರದ ಬಗ್ಗೆ ಒಂದು ಪುಟ ಬರೆದ ನೀವು ಇದನ್ನು ಮಾತ್ರ ಬಿಟ್ಟಿದ್ದೀರಿ. ಜೇನು ಎಲ್ಲಕ್ಕಿಂತ ಕಡೆಗೆ, ಪರಿಮಳ ಹಾರಿಹೋಗಬಾರದೆಂದು. ನಾನು ಪಕ್ಕದಲ್ಲಿ ಕೂತು ಕವಿತೆ ಓದುತ್ತಿದ್ದೆ. “ಸ್ವಲ್ಪ ಮೆಲ್ಲಗೆ ಓದೇ. ನಿನ್ನ ಕವಿ ಹಿಂಗೆ ಅಳ್ತಾ ಇದ್ರೆ ನನ್ನ ಬಿಯರ್ ಉಪ್ಪಾಗತ್ತೆ” ಎನ್ನುತ್ತಿದ್ದರು.

ಇದೆಲ್ಲ ನಿಮಗೆ ಗೊತ್ತಿರಲಿಲ್ಲವೇ? ಪ್ರತಿ ಬೇಸಿಗೆಯೂ ಶೋರ್‌ಲೈನಿನ ನಮ್ಮ ಹಿತ್ತಲಿನಲ್ಲಿ ನಿಮ್ಮ ಕಾರ್ಯಕಾರಿ ಸಮಿತಿ ಸೇರುತ್ತಿತ್ತು. ಬಾಟಲಿ ಫೋಟೋದಲ್ಲಿ ಬಿದ್ದು ಬೆಂಗಳೂರಿನ ವಾಟ್ಸಾಪ್ ಗುಂಪುಗಳಿಗೆ ಹೋಗಬಾರದೆಂದು, ಸ್ಟೀಲ್ ಲೋಟದಲ್ಲೇ ಹಂಚಬೇಕೆಂಬ ನಿಯಮ ಮಾಡಿದವರು ಯಾರು? “ಅಶ್ವತ್ಥ, ಇನ್ನೊಂದು ಲೋಟ ಮಜ್ಜಿಗೆ ಹಾಕಪ್ಪಾ” ಎಂದು ಕೈಚಾಚಿದವರು ಯಾರು? “ಮಜ್ಜಿಗೆಗೆ ಇಷ್ಟು ನೊರೆ ಬಂದ್ರೆ ಎಮ್ಮೇನ ಡಾಕ್ಟರ್‌ಗೆ ತೋರಿಸ್ಬೇಕು, ಸಾರ್” ಎಂದು ಅವರು ತುಂಬಿಸಿಕೊಟ್ಟಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಮೂರನೆಯ ಲೋಟದ ಹೊತ್ತಿಗೆ ‘ನಮ್ಮ ಮಕ್ಕಳಿಗೆ ಸಂಸ್ಕೃತಿ ಕಲಿಸುವುದು ಹೇಗೆ’ ಎಂದು ಭಾಷಣ ಶುರುಮಾಡುತ್ತಿದ್ದವರೂ ನೀವೇ.

ಈ ಮಾರ್ಚ್‌ನಲ್ಲಿ ಅವರು ಹೊಸ ಬಿಯರಿಗೆ ಯೀಸ್ಟ್ ಹಾಕಿ, ಗಾಜಿನ ದೊಡ್ಡ ಜಾಡಿಯನ್ನು ಅತಿಥಿಗಳ ಬಚ್ಚಲಿನ ಟಬ್ಬಿನಲ್ಲಿಟ್ಟು, ಚಳಿಗೆಂದು ತಮ್ಮ ಹಳೆಯ ಸ್ವೆಟರ್ ತೊಡಿಸಿದರು. ಮರುದಿನ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಮನೆ ತುಂಬ ಜನ ಬಂದರು. ಯಾರ ಮಾತೂ ನನ್ನೊಳಗೆ ಇಳಿಯಲಿಲ್ಲ, ಅಳುವೂ ಬರಲಿಲ್ಲ. ಆ ಜಾಡಿಯ ಬಿರಡೆಯಿಂದ ಗಾಳಿ ಹೊರಬರುವ ಗುಳುಗುಳು ಸದ್ದೊಂದೇ ಕೇಳುತ್ತಿತ್ತು. ಅವರು ಶುರುಮಾಡಿದ ಕೆಲಸ ಇನ್ನೂ ನಡೆಯುತ್ತಿದೆ ಎಂದಷ್ಟೇ ತಿಳಿಯುತ್ತಿತ್ತು. ಬರಬರುತ್ತಾ ಸದ್ದು ವಿರಳವಾಯಿತು. ಒಂದರಿಂದ ಇನ್ನೊಂದಕ್ಕೆ ನಾನು ಕಾಯುತ್ತಿದ್ದೆ.

ವೈಕುಂಠ ಸಮಾರಾಧನೆಯ ಬೆಳಿಗ್ಗೆ ನಿಮ್ಮ ಸಮಿತಿಯ ಸುಪ್ರಿಯಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. “ಕೀರ್ತಿ ಅಕ್ಕಾ, ಪುರೋಹಿತ್ರು ಕೈಕಾಲು ತೊಳೆಯೋಕೆ ಆ ಬಾತ್‌ರೂಮಿಗೇ ಹೋಗ್ತಾರೆ. ಅದು ಅಲ್ಲಿದ್ರೆ ಚೆನ್ನಾಗಿರಲ್ಲ. ಖಾಲಿ ಮಾಡ್ಸಿ ಅಂತ ಪ್ರೆಸಿಡೆಂಟ್ ಕಾಲ್ ಮಾಡಿದ್ರು. ನೀವು ಟೆನ್ಷನ್ ತಗೋಬೇಡಿ, ನಾವು ಕ್ಲೀನ್ ಮಾಡ್ತೀವಿ” ಎಂದರು. ಟಬ್ಬಿನಲ್ಲೇ ಸುರಿದರು. ಹಜಾರದವರೆಗೆ ಕೊತ್ತಂಬರಿ, ಜೇನಿನ ವಾಸನೆ ಬಂತು. ನಾನು ಕೂತೇ ಇದ್ದೆ.

ಸುಪ್ರಿಯಾ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಸಿಟ್ಟು ಬರಲು ಬೇಕಾದ ಶಕ್ತಿಯೂ ಸದ್ಯ ನನ್ನಲ್ಲಿಲ್ಲ. ಜಾಡಿ ತೊಳೆದದ್ದಾಯಿತು, ಬಿಡಿ. ಆದರೆ ಈಗ ನೀವು ಮನುಷ್ಯನನ್ನೇ ತೊಳೆಯಲು ಹೊರಟಿದ್ದೀರಿ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂದು ನೀವು ಹೇಳಬಹುದು. ಬಿಯರ್ ಒಳ್ಳೆಯದಿರಲಿಲ್ಲ ಎಂದು ನಿಮಗೆ ಯಾರು ಹೇಳಿದರು?

ಆದ್ದರಿಂದ ನನ್ನ ಒತ್ತಾಯ: ‘ಇವರು ಜೇನು, ಗೋಧಿ, ಮಸಾಲೆ ಹಾಕಿ ಬಿಯರ್ ಮಾಡುತ್ತಿದ್ದರು, ನಾವೆಲ್ಲ ಕೇಳಿ ಕೇಳಿ ಕುಡಿದೆವು’ ಎಂಬ ಸಾಲನ್ನು ಸೇರಿಸಿ, ವೇದಿಕೆಯ ಮೇಲೆ ನೀವೇ ಮೈಕಿನಲ್ಲಿ ಓದಬೇಕು. ಆಗದಿದ್ದರೆ ಆ ಶಾಲು, ಹಾರ, ಹಣ್ಣಿನ ತಟ್ಟೆಯನ್ನು ಬೇರೆ ಸಾತ್ವಿಕರಿಗೆ ಕೊಡಿ. ಸಮಿತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನೀವು ಬರೆದಿರುವ ಆ ಮಹನೀಯರನ್ನು ನಾನು ನೋಡಿಲ್ಲ. ಅವರು ಹೋದರೆಂದು ದುಃಖಪಡಲು ನನಗೆ ಕಾರಣವೂ ಇಲ್ಲ. ನನ್ನ ಜೊತೆ ಬಾಳಿದವರ ಹೆಸರನ್ನು ಒಂದು ಸಲ ಗಟ್ಟಿಯಾಗಿ, ಇದ್ದದ್ದು ಇದ್ದ ಹಾಗೆ ಹೇಳಿ. ಆಗ ನನಗೆ ಅಳು ಬರಬಹುದು. ಬಂದರೆ ದಯವಿಟ್ಟು ಯಾರೂ ಸಮಾಧಾನ ಮಾಡಬೇಡಿ.

ಇಂತಿ,
ಸದ್ಯಕ್ಕೆ ಏನೂ ಅನ್ನಿಸದ,
ಕೀರ್ತಿ ಅಶ್ವತ್ಥ
ಶೋರ್‌ಲೈನ್