ವಾವಾರೊ ಸತ್ತಿದ್ದನ್ನು ನಮಗೆ ಹೇಳದ ಕಚೇರಿಗೆ

ಜಿಲ್ಲೆಯ ಜನನ ಮರಣ ದಾಖಲೆಗಳ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ನಮ್ಮ ವಾವಾರೊ ತೀರಿಕೊಂಡ. ಅವನ ಅಂತ್ಯಕ್ರಿಯೆಗೆ ಹೆಂಡತಿ, ಮಗಳು, ಅಳಿಯ ಮತ್ತು ಪಾದ್ರಿ, ಒಟ್ಟು ನಾಲ್ಕು ಜನ ಬಂದಿದ್ದರು. ಪೆಟ್ಟಿಗೆ ಹೊರಲು ಆರು ಜನ ಬೇಕು. ಕೊನೆಗೆ ಗುಂಡಿ ತೋಡುವವನೂ ಗಾಡಿಯ ಡ್ರೈವರೂ ಹೆಗಲು ಕೊಟ್ಟರಂತೆ. ಈ ಸಾಧನೆಯ ಕೀರ್ತಿ ನಿಮ್ಮ ಕಚೇರಿಗೆ ಸಲ್ಲಬೇಕು. ಅದನ್ನು ಸಲ್ಲಿಸಲೆಂದೇ ಈ ಪತ್ರ.

ನಾನು ಏಳನೇ ತರಗತಿಯವರೆಗೆ ಓದಿದವನು. ಈ ಹಳ್ಳದ ದಂಡೆಯ ಮೇಲೆ ನನ್ನ ವಯಸ್ಸಿನವರಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ನಾಮಕರಣದಲ್ಲಂತೂ ನನ್ನನ್ನು ಮೀರಿಸಿದವರಿಲ್ಲ. ಪಾದ್ರಿಗಳು ಹುಟ್ಟಿದ ಗಂಡು ಮಕ್ಕಳಿಗೆಲ್ಲ ಜೋಸೆಫ್, ಹೆಣ್ಣು ಮಕ್ಕಳಿಗೆಲ್ಲ ಮೇರಿ ಎಂದು ನೀರು ಚಿಮುಕಿಸಿ ಕೈ ತೊಳೆದುಕೊಂಡರು. ಅಂಗಡಿಯಲ್ಲಿ ಜೋಸೆಫ್ ಎಂದು ಕೂಗಿದರೆ ಏಳು ಜನ ತಿರುಗುತ್ತಿದ್ದರು. ಆಗ ಊರನ್ನು ಕಾಪಾಡಿದವನು ನಾನು. ನಲವತ್ತೊಂದು ಜನಕ್ಕೆ ಹೆಸರಿಟ್ಟಿದ್ದೇನೆ. ಒಂದೂ ಅಳಿಸಿಲ್ಲ. ವಾವಾರೊ ಎಂದರೆ ನಮ್ಮ ಜೌಗಿನ ದೊಡ್ಡ ಕಪ್ಪೆ. ಏಳು ವರ್ಷದವನಾಗಿದ್ದಾಗ ಚರ್ಚಿನ ಹಾಡಿನ ನಡುವೆ ಅವನ ಗಂಟಲಿನಿಂದ ಹೊರಟ ಸದ್ದಿಗೆ ಬೇರೆ ಹೆಸರೇ ಇರಲಿಲ್ಲ. ಎಂಬತ್ತೊಂದನೇ ವಯಸ್ಸಿನವರೆಗೆ ಅವನು ಆ ಹೆಸರಿಗೇ ಓಗೊಟ್ಟ.

ಇಷ್ಟು ವರ್ಷ ಮರಣದ ಪ್ರಕಟಣೆಯಲ್ಲಿ ಹುಟ್ಟುಹೆಸರಿನ ಪಕ್ಕ, ಉದ್ಧರಣ ಚಿಹ್ನೆಯೊಳಗೆ, ಕರೆಯುವ ಹೆಸರೂ ಇರುತ್ತಿತ್ತು. ನಾವು ಮೊದಲು ಅದನ್ನೇ ಹುಡುಕುತ್ತಿದ್ದೆವು. ಜನವರಿಯಲ್ಲಿ ನಿಮಗೆ ಜ್ಞಾನೋದಯವಾಯಿತು: ಕಚೇರಿಯಿಂದ ಪತ್ರಿಕೆಗೆ ಹೋಗುವ ಪ್ರಕಟಣೆಯಲ್ಲಿ ಜನನ ದಾಖಲೆಯ ಹೆಸರು ಮಾತ್ರ ಇರತಕ್ಕದ್ದು. ಸತ್ತವರ ಘನತೆ ಕಾಪಾಡಲು ಈ ಕ್ರಮವಂತೆ. ಯಾರೂ ಬಾರದ ಸ್ಮಶಾನದಲ್ಲಿ ಘನತೆಗೆ ಏನು ಕೊರತೆ, ಅಲ್ಲವೇ?

ಈಗ ನನ್ನ ಕತೆ ಹೇಳಬೇಕು. ಹೇಳಲು ಹೆಮ್ಮೆಯೇನೂ ಇಲ್ಲ. ವಾವಾರೊ ಕಾಯಿಲೆ ಬಿದ್ದು ಆರು ತಿಂಗಳಿಂದ ಹೆಂಡತಿಯೊಂದಿಗೆ ದೂರದ ಲೇಕ್ ಚಾರ್ಲ್ಸ್‌ನಲ್ಲಿ ಮಗಳ ಮನೆಯಲ್ಲಿದ್ದ. ಒಂದು ಸೋಮವಾರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ, ನನ್ನ ಹೆಂಡತಿ ವೆರ್ನಿಸ್ ಪತ್ರಿಕೆ ಓದುತ್ತಿದ್ದಳು.

"ಯಾರೋ ಜೋಸೆಫ್ ಓವೀಡ್ ಸೋನ್ಯೇ ಹೋಗ್ಬಿಟ್ರಂತೆ. ನಾಳೆ ನಮ್ಮ ಚರ್ಚಲ್ಲೇ ಮಣ್ಣು. ಗೊತ್ತಾ ನಿಂಗೆ?"

"ಸೋನ್ಯೇಗಳು ಮುನ್ನೂರು ಜನ ಇದಾರೆ. ಯಾವನೋ ಆ ಕಡೆಯವನಿರ್ಬೇಕು, ಪಾಪ."

"ಈ ಜಿಲ್ಲೇಲಿ ನಿಂಗೆ ಗೊತ್ತಿಲ್ದೋರೇ ಇಲ್ಲ ಅಂತಿದ್ದೆ."

"ಇವನೊಬ್ಬ ಇದ್ದ ನೋಡು" ಎಂದು ಕಾಫಿ ಮುಗಿಸಿ, ಕೆಂಪು ಸೀಗಡಿ ಹಿಡಿಯಲು ಇಟ್ಟ ಬೋನು ಎತ್ತಲು ನೀರು ತುಂಬಿದ ಗದ್ದೆಗೆ ಹೋದೆ. ಮಂಗಳವಾರವೂ ಅದೇ ಕೆಲಸ. ಚರ್ಚಿನ ಗಂಟೆ ಕೇಳಿಸಿತು. ಟೋಪಿ ತೆಗೆದು, ಗುರುತಿಲ್ಲದ ಆ ಬಡಪಾಯಿಗೆ ಶಾಂತಿ ಕೋರಿ, ಮುಂದಿನ ಬೋನು ಎತ್ತಿದೆ.

ಗುರುವಾರ ನಸುಕಿನಲ್ಲಿ ವಾವಾರೊನ ಮನೆಯಲ್ಲಿ ದೀಪ ಕಂಡಿತು. ಗೆಳೆಯ ವಾಪಸು ಬಂದಿದ್ದಾನೆಂದು ಅಂಜೂರದ ಮುರಬ್ಬದ ಶೀಶೆ ಹಿಡಿದು ಓಡಿದೆ. ಅವನ ಹೆಂಡತಿ ಅಝೆಲಿ ಬಾಗಿಲು ತೆರೆದಳು.

"ಎಲ್ಲಿ ಅಝೆಲಿ, ನಿನ್ನ ಕಪ್ಪೆ?" ಎಂದೆ. ಆಮೇಲೆ ಅವಳ ಕಪ್ಪು ಉಡುಪು ನೋಡಿದೆ.

"ಮೊನ್ನೆ ಮಣ್ಣು ಮಾಡಿದ್ವಿ, ಪಿಸ್ತಾಶ್. ಪೇಪರಲ್ಲಿ ಹಾಕ್ಸಿದ್ದೆ. ಏಳನೇ ಕ್ಲಾಸು ಓದಿದೀನಿ ಅಂತ ಕುಣೀತಿದ್ದೆ, ಓದೋಕ್ ಬರಲ್ವಾ?"

"ಆ ಹೆಸರು ನಂಗೆ ಗೊತ್ತಿರ್ಲಿಲ್ಲ ಕಣೇ."

"ಎಪ್ಪತ್ತು ವರ್ಷ ಜೊತೇಲಿ ತಿಂದೋನ ಹೆಸರು ಗೊತ್ತಿಲ್ವಾ? ಬರೋದು ಬೇಡ ಅಂತ ಊರೋರೆಲ್ಲ ಮಾತಾಡ್ಕೊಂಡ ಹಾಗಿದೆ. ಇನ್ನೂರು ಜನಕ್ಕೆ ಗಂಬೋ ಸಾರು ಮಾಡ್ಸಿದ್ದೆ. ಫ್ರಿಜ್ಜಲ್ಲಿದೆ. ಬೇಕಾದ್ರೆ ತಗೊಂಡ್ ಹೋಗು."

ಬಾಗಿಲು ಹಾಕಿಕೊಂಡಳು. ಅಂದು ಸಂಜೆಯೊಳಗೆ ಇಡೀ ಊರು ಅವಳ ಅಂಗಳದಲ್ಲಿ ನಿಂತಿತ್ತು. ತೆರೆಯಲಿಲ್ಲ. ನಾವೆಲ್ಲ ನೆಪ ಹೇಳುತ್ತಿದ್ದೇವೆಂದೇ ಅವಳ ನಂಬಿಕೆ. ತನ್ನ ಗಂಡ ಯಾರಿಗೂ ಬೇಡದವನಾಗಿ ಸತ್ತನೆಂದುಕೊಂಡು ಅವಳು ಊರು ಬಿಡಲು ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಸತ್ತ ತಿಂಗಳಿಗೆ ಚರ್ಚಿನಲ್ಲಿ ಮಾಡುವ ಪೂಜೆಯೂ ಬೇಡವೆಂದು ಪಾದ್ರಿಗೆ ಹೇಳಿದ್ದಳು. ಅವರು ಕೈಮುಗಿದು ಹದಿನಾಲ್ಕನೇ ತಾರೀಕಿಗೆ ಒಪ್ಪಿಸಿದ್ದಾರೆ.

ನಿಮ್ಮ ಕಚೇರಿಯ ಕಿಟಕಿಗೂ ಬಂದಿದ್ದೆ. ಅಲ್ಲಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, "ಅಡ್ಡಹೆಸರು ಅಧಿಕೃತ ಅಲ್ಲ ಅಂಕಲ್, ಪ್ರಕಟಣೇಲಿ ತಪ್ಪೇನೂ ಇಲ್ಲ" ಎಂದಳು. ನಿಜ. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವಳ ಹಿಂದಿನ ಕುರ್ಚಿಯವನು "ಏ ಗಿಡ್ಡಿ, ಊಟಕ್ಕೆ ಬರ್ತೀಯಾ?" ಎಂದು ಕರೆದ. ತಕ್ಷಣ ಎದ್ದು ಹೋದಳು.

ಆದ್ದರಿಂದ ನನ್ನ ಬೇಡಿಕೆ. ಹದಿನಾಲ್ಕಕ್ಕೆ ಮೊದಲು, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕ್ಲೆಬೇರನ ಮಗ ವಾವಾರೊ ತೀರಿಕೊಂಡನೆಂದು ಪ್ರಕಟಿಸಿ. ಮೊದಲೇ ಹಾಗೆ ಹಾಕದಿದ್ದುದು ಕಚೇರಿಯ ಕೆಲಸ, ಊರಿನದಲ್ಲ ಎಂದು ಕೆಳಗೆ ಒಂದು ಸಾಲು ಸೇರಿಸಿ. ನನ್ನ ಮಾತನ್ನು ಅಝೆಲಿ ನಂಬಳು, ನಿಮ್ಮ ಮುದ್ರೆಯನ್ನು ನಂಬುತ್ತಾಳೆ. ಆ ದಿನ ಹೊರಲು ಪೆಟ್ಟಿಗೆ ಇರುವುದಿಲ್ಲ. ಆದರೂ ನಾನು ಹೆಸರಿಟ್ಟವರಲ್ಲಿ ಬದುಕಿರುವ ಇಪ್ಪತ್ತಾರು ಜನವೂ ನಾನೂ ಬಂದು ಚರ್ಚಿನ ಬಾಗಿಲಲ್ಲಿ ನಿಲ್ಲುತ್ತೇವೆ.

ಇಂತಿ, ಅವನಿಗೆ ಹೆಸರಿಟ್ಟು, ಅವನ ಹೆಸರು ಗೊತ್ತಿಲ್ಲದೆ ಬೋನು ಎತ್ತುತ್ತಿದ್ದ,
ಪಿಸ್ತಾಶ್
(ನಿಮ್ಮ ಕಡತದಲ್ಲಿ ಜೋಸೆಫ್ ಅದೇಮಾರ್ ಮೂತೋಂ. ಮುಂದೆಂದಾದರೂ ಆ ಹೆಸರು ಪತ್ರಿಕೆಯಲ್ಲಿ ಕಂಡರೆ, ದಯವಿಟ್ಟು ಯಾರಾದರೂ ಬನ್ನಿ.)